ಕಾಗದಕ್ಕಿಳಿದ ಶಾಲೆ

ಬೆಳಗಿನ ಬಸ್ಸಿನಿಂದ ಆ ಮನುಷ್ಯ ಇಳಿಯುವುದನ್ನು ಕಂಡಾಗಲೇ ನನಗೆ ಯಾಕೋ ಸರಿ ಬರಲಿಲ್ಲ. ನಮ್ಮೂರಿಗೆ ಬರುವವರು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾರೆ, ಇಲ್ಲವೇ ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಬರುತ್ತಾರೆ. ಇವನು ಚೀಲವನ್ನು ಎದೆಗೆ ಅವಚಿಕೊಂಡು, ಹಸುಗೂಸನ್ನು ಎತ್ತಿಕೊಂಡವನ ಹಾಗೆ, ಕಾಲ ಕೆಳಗೆ ನೋಡಿ ನೋಡಿ ಇಳಿದ. ಹಾಗೆ ಹಿಡಿಯುವ ಸಾಮಾನು ಒಂದೇ ಒಂದು. ಅದನ್ನೇ ಹಿಡಿದು ಹೊಟ್ಟೆ ಹೊರೆದುಕೊಂಡವಳು ನಾನು, ನನಗೆ ಇನ್ನೊಬ್ಬರು ಹೇಳಿಕೊಡಬೇಕಾಗಿಲ್ಲ. ಚೀಲದೊಳಗೆ ಕ್ಯಾಮೆರಾ ಇತ್ತು.

ನನ್ನ ಹೆಸರು ದಾನಮ್ಮ. ಬಸ್ ನಿಲ್ದಾಣದ ಎದುರಿನ ಫೋಟೊ ಸ್ಟುಡಿಯೊ ನನ್ನದು. ಕಟ್ಟಿದವನು ನನ್ನ ಗಂಡ, ಅವನು ತೀರಿಕೊಂಡ ಮೇಲೆ ನಡೆಸಿಕೊಂಡು ಬಂದವಳು ನಾನು. ಎದುರಿಗೆ ದಾನಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಅನುಮಾನದಕ್ಕ ಅನ್ನುತ್ತಾರೆ. ಅನ್ನಲಿ ಬಿಡಿ. ನಮ್ಮೂರಿನಲ್ಲಿ ಈ ಕಸುಬು ಮಾಡುವವರಿಗೆ ಅನುಮಾನ ಇಲ್ಲದೆ ಹೋದರೆ ಊರು ಊರಾಗಿ ಉಳಿಯುವುದಿಲ್ಲ.

ಯಾಕೆಂದರೆ ನಮ್ಮಲ್ಲಿ ಒಂದು ಸಾಮಾನಿನ ಫೋಟೊ ಕಾಗದಕ್ಕೆ ಇಳಿಯಿತು ಅಂದರೆ ಆ ಸಾಮಾನು ಅಲ್ಲಿಗೇ ನಿಂತಿತು. ಆಮೇಲೆ ನೀವು ಅದನ್ನು ಏನೇ ಮಾಡಿ, ಬೆಳಗಾಗುವುದರೊಳಗೆ ಅದು ಫೋಟೊದಲ್ಲಿ ಹೇಗಿತ್ತೋ ಹಾಗೇ ಆಗಿರುತ್ತದೆ. ಉಸಿರಾಡುವ ಜೀವಕ್ಕೆ ಇದು ತಾಗುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ನಾವು ಮುದುಕರಾಗುತ್ತೇವೆ, ಕುಂಬಳದ ಬಳ್ಳಿ ತನ್ನ ಪಾಡಿಗೆ ಮಾಡು ಹತ್ತುತ್ತದೆ. ಗೋಡೆ, ಬಾಗಿಲು, ಕೊಡ, ಬಟ್ಟೆ ಇಂಥವಕ್ಕೆ ಮಾತ್ರ. ಹೊಸದಾಗಿ ಸುಣ್ಣ ಬಳಿಸಿದವರು ನನ್ನನ್ನು ಕರೆದು ಮನೆಯ ಫೋಟೊ ತೆಗೆಸುತ್ತಾರೆ, ಅವರಿಗೆ ಇನ್ನು ಸುಣ್ಣದ ಚಿಂತೆ ಇಲ್ಲ. ಆದರೆ ನಾನು ಬಟನ್ ಒತ್ತುವ ಮೊದಲು ಅಂಗಳವನ್ನೆಲ್ಲ ಒಂದು ಸುತ್ತು ಹಾಕಿ, ಕಸಬರಿಗೆ ಎತ್ತಿಡಿ, ಆ ಒಡೆದ ಗಡಿಗೆ ಆಚೆ ಹಾಕಿ ಎಂದು ಎಲ್ಲರ ಜೀವ ತಿನ್ನುತ್ತೇನೆ. ಗುರುಬಸವ್ವನ ಮಗನ ಮದುವೆಯಲ್ಲಿ ಬೀಗರ ಕಡೆಯವರು ಯಾರೋ ಅವಳ ಮನೆ ಮುಂದೆ ನಿಂತು ಫೋಟೊ ತೆಗೆದುಕೊಂಡು ಹೋದರು. ಹಿಂದೆ ತಂತಿಯ ಮೇಲೆ ಅವಳ ಹಸಿರು ಸೀರೆ ಒಣಗಲು ಹಾಕಿತ್ತು. ಆ ಸೀರೆ ಇವತ್ತಿಗೂ ಒಣಗಿಲ್ಲ. ಹಿಂಡಿ ಒಣಗಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರೂ ಬೆಳಗ್ಗೆ ನೋಡಿದರೆ ತಂತಿಯ ಮೇಲೆ ತೊಟತೊಟ ಸೋರುತ್ತಿರುತ್ತದೆ.

ಫೋನಿನಲ್ಲಿ ಎಷ್ಟು ಬೇಕಾದರೂ ತೆಗೆಯಿರಿ, ಏನೂ ಆಗುವುದಿಲ್ಲ. ಕಾಗದಕ್ಕೆ ಇಳಿಯಬೇಕು. ಊರಿನಲ್ಲಿ ಕಾಗದಕ್ಕಿಳಿಸುವ ಯಂತ್ರ ಇರುವುದು ನನ್ನೊಬ್ಬಳ ಹತ್ತಿರ, ಹಾಗಾಗಿ ಊರಿನವರ ಬಗ್ಗೆ ಭಯವಿಲ್ಲ. ಭಯವಿರುವುದು ಹೊರಗಿನವರದ್ದು. ಮೌನೇಶಪ್ಪ ಹೊಸ ಹೋಟೆಲು ತೆರೆದಾಗ ಪೇಂಟರು ಬೋರ್ಡಿನ ಕೊನೆಯ ಅಕ್ಷರ ಬಾಕಿ ಇಟ್ಟು ಊಟಕ್ಕೆ ಹೋಗಿದ್ದ. ಅದೇ ಹೊತ್ತಿಗೆ ದಾರಿಹೋಕನೊಬ್ಬ ಅದರ ಫೋಟೊ ಹೊಡೆದು, ಯಾವ ಊರಿಗೋ ಒಯ್ದು ಕಾಗದಕ್ಕೆ ಇಳಿಸಿಬಿಟ್ಟ. ಅಂದಿನಿಂದ ಅದು ‘ಮೌನೇಶ್ವರ ಹೋಟೆ’. ಎಷ್ಟು ಸಲ ಬರೆಸಿದರೂ ಕೊನೆಯ ಅಕ್ಷರ ರಾತ್ರಿ ಕಳೆಯುವುದರೊಳಗೆ ಮಾಯ. ಪಾಪ, ಮೌನೇಶಪ್ಪ ಚಹಾ ಕುಡಿಯಲು ಬಂದ ಪ್ರತಿ ಪರವೂರಿನವನನ್ನೂ, ಎಲ್ಲಾದರೂ ನಮ್ಮ ಹೋಟೆಲಿನ ಫೋಟೊ ಕಂಡಿರಾ, ಕಂಡರೆ ಹರಿದು ಹಾಕಿ ಪುಣ್ಯ ಕಟ್ಟಿಕೊಳ್ಳಿ ಎಂದು ಕೇಳುತ್ತಾನೆ.

ಬಸ್ಸಿಳಿದವನು ಸೀದಾ ಅಲ್ಲಿಗೇ ಹೋಗಿ ಕುಳಿತ. ನಾನೂ ಅಂಗಡಿಯ ಬಾಗಿಲು ಮುಂದಕ್ಕೆ ಎಳೆದು ಹಿಂದೆಯೇ ಹೋದೆ. ಹೆಸರು ಮುಕುಂದ ಎಂದ. ದಕ್ಷಿಣದ ಕಡೆಯ ಮಾತು, ಮೆತ್ತಗಿನ ದನಿ. ಚಹಾ ಎರಡು ಗುಟುಕು ಕುಡಿದವನು, “ಇಲ್ಲಿ ಒಂದು ಹಳೇ ಶಾಲೆ ಇದೆಯಂತಲ್ಲ, ಪಾಳು ಬಿದ್ದಿರೋದು. ಎಲ್ಲಿ ಬರುತ್ತೆ?” ಎಂದು ಕೇಳಿದ.

ಮೌನೇಶಪ್ಪ ಹಾಲು ಕಾಯುತ್ತಿದ್ದುದನ್ನೇ ಮರೆತ. ಅದು ಉಕ್ಕಿ ಒಲೆಯ ಮೇಲೆ ಚೊಯ್ ಎಂದಿತು.

“ಅದನ್ನ ಏನ್ ಮಾಡ್ತೀರಿ?” ನಾನೇ ಕೇಳಿದೆ.

“ಫೋಟೊ ತೆಗೀತೀನಿ ಮೇಡಂ. ಇಂಥ ಬಿದ್ದುಹೋದ ಶಾಲೆಗಳನ್ನೇ ಹುಡುಕ್ಕೊಂಡು ಹೋಗ್ತೀನಿ. ಆಮೇಲೆ ದೊಡ್ಡ ಕಾಗದದ ಮೇಲೆ ಪ್ರಿಂಟ್ ಹಾಕಿ ಗೋಡೆಗೆ ನೇತು ಹಾಕ್ತೀವಿ. ಜನ ಬಂದು ನೋಡ್ತಾರೆ.”

“ನೋಡಿ?”

“ಬೇಜಾರು ಮಾಡ್ಕೋತಾರೆ.”

ಬೇಜಾರು ಮಾಡಿಕೊಳ್ಳಲು ಇಷ್ಟು ದೂರ ಬಸ್ಸು ಹತ್ತಬೇಕೇ ಎಂದು ನಾನು ಮೌನೇಶಪ್ಪನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. “ಇಲ್ಲಿ ಐತಂತ ನಿಮಗ ಯಾರು ಹೇಳಿದ್ರು?” ಎಂದೆ.

“ಒಬ್ಬರು ಫೋನ್ ಮಾಡಿ ಹೇಳಿದ್ರು. ಹೆಸರು ಹೇಳಬೇಡಿ ಅಂದಿದ್ದಾರೆ,” ಎಂದು ಅವನು ನಕ್ಕ. ನಗುವ ಮಾತು ಇದರಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಆ ಶಾಲೆಯ ಕಥೆ ಹೇಳಿಬಿಡುತ್ತೇನೆ. ಊರ ಹೊರಗೆ ದಿಬ್ಬದ ಮೇಲೆ ಒಂದೇ ಕೋಣೆಯ ಹೆಂಚಿನ ಶಾಲೆ. ಒಂದು ಬಿರುಗಾಳಿಗೆ ಮುಂದಿನ ಹೆಂಚುಗಳೆಲ್ಲ ಹಾರಿಹೋದವು. ಸ್ವಲ್ಪ ದಿನದ ಮಟ್ಟಿಗೆ ಎಂದು ಮಕ್ಕಳನ್ನು ಬಸ್ ನಿಲ್ದಾಣದ ತಗಡಿನ ಕೆಳಗೆ ತಂದು ಕೂರಿಸಿದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಬಸ್ಸು ಬಂದು ಹಾರ್ನ್ ಹೊಡೆದಾಗಲೆಲ್ಲ ಮಗ್ಗಿ ನಿಲ್ಲುತ್ತದೆ, ಬಸ್ಸು ಹೋದ ಮೇಲೆ ಎಲ್ಲಿಗೆ ನಿಂತಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ಬಂದ ಮಾಸ್ತರುಗಳೆಲ್ಲ ಆ ಧೂಳಿನಲ್ಲಿ ನಾಲ್ಕು ದಿನ ಕೂತು, ವರ್ಗ ಮಾಡಿಸಿಕೊಂಡು, ಅದೇ ಬಸ್ಸು ಹತ್ತಿ ಹೋದರು. ಈಗಿರುವವರು ವಿಮಲಾ ಅಕ್ಕೋರು, ಪರ ಜಿಲ್ಲೆಯವರು, ಒಂಟಿ ಹೆಣ್ಣುಮಗಳು. ಅವರು ಊರಿನ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ ಶಾಲೆ ದುರಸ್ತಿ ಮಾಡಿಕೊಡಿ ಎಂದು ಕೇಳಿದ್ದರು. ಎಲ್ಲರೂ ಮಾಡೋಣ ಅಂದೆವು. ಸುಗ್ಗಿ ಮುಗಿಯಲಿ ಅಂದೆವು. ಈಗ ಮೇಲಿನ ಸಾಹೇಬರು ಬಂದು, ದೀಪಾವಳಿ ರಜೆ ಮುಗಿಯುವುದರೊಳಗೆ ಕಟ್ಟಡ ನಿಲ್ಲದಿದ್ದರೆ ಶಾಲೆ ಮುಚ್ಚುತ್ತೇವೆ, ಅಕ್ಕೋರನ್ನು ಬೇರೆ ಊರಿಗೆ ಹಾಕುತ್ತೇವೆ, ಮಕ್ಕಳು ಹಳ್ಳದಾಚೆಯ ಶಾಲೆಗೆ ಹೋಗಲಿ ಎಂದು ಹೇಳಿ ಹೋಗಿದ್ದರು.

ಗಂಡುಮಕ್ಕಳು ಹೋದಾರು. ಹೆಣ್ಣುಮಕ್ಕಳನ್ನು ಹಳ್ಳ ದಾಟಿಸಿ ಯಾರೂ ಕಳಿಸುವುದಿಲ್ಲ. ನನ್ನನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದು ಇಂಥದೇ ಒಂದು ನೆವಕ್ಕೆ, ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ನನ್ನ ಮೊಮ್ಮಗಳು ಪಾರಿ ಈಗ ಅದೇ ತಗಡಿನ ಕೆಳಗೆ ಕೂತು ಓದುತ್ತಾಳೆ. ಈ ಮುಕುಂದ ಎನ್ನುವವನು ಪಾಳುಬಿದ್ದ ಶಾಲೆಯನ್ನು ಕಾಗದಕ್ಕೆ ಇಳಿಸಿಬಿಟ್ಟರೆ ಮುಗಿಯಿತು. ಆಮೇಲೆ ಹಗಲಿಡೀ ಹೆಂಚು ಹೊದಿಸಿದರೂ ಬೆಳಗ್ಗೆ ಅವೆಲ್ಲ ಕೆಳಗೆ. ಪಾರಿಯ ಓದು ಅಲ್ಲಿಗೇ ನಿಂತಿತು.

ಅವನು ಚಹಾ ಮುಗಿಸಿ ದಿಬ್ಬದ ಕಡೆ ಹೊರಟ. ನಾನು ಸೆರಗು ಸಿಕ್ಕಿಸಿಕೊಂಡು ಬೆನ್ನು ಹತ್ತಿದೆ. ನಾನು ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಅವನು ಶಾಲೆಯ ಎದುರಿಗೆ ನಿಂತು ಲೆನ್ಸಿನ ಮುಚ್ಚಳ ತೆಗೆದು ಕೈಯಲ್ಲಿ ಹಿಡಿದಿದ್ದ.

“ತಗದ್ರೇನು?” ಎಂದು ಕೂಗಿದೆ.

“ಇನ್ನೂ ಇಲ್ಲ. ಬಾಗಿಲು ಎಷ್ಟು ಚೆನ್ನಾಗಿ ಕಿತ್ತುಹೋಗಿದೆ ನೋಡಿ ಮೇಡಂ!”

ಮುಚ್ಚಳ ತೆಗೆದವನು ಫೋಟೊ ತೆಗೆದಿಲ್ಲ ಅಂದರೆ ನಾನು ನಂಬುವವಳಲ್ಲ. ಆದರೂ ಮುಖ ಸಡಿಲ ಮಾಡಿಕೊಂಡು, ಕಸುಬಿನವಳ ಮಾತು ತೆಗೆದೆ. “ಈ ಬೆಳಕಿನ್ಯಾಗ ತಗೀತೀರಿ? ಬಾಗಲಾ ಪಡುವಣಕ್ಕ ಐತಿ, ಮುಂಜಾನೆ ಮುಂದಿನ ಗ್ವಾಡಿ ಎಲ್ಲಾ ಕಪ್ಪು ಬೀಳತೈತಿ. ಸಂಜಿ ಬಿಸಲು ಬೇಕು. ಇವತ್ತ ನಾಳೆ ಮೋಡ ಐತಿ. ನಾಡದ್ದು ಸಂಜಿಗೆ ಬಂಗಾರದಂಥಾ ಬೆಳಕು ಬರತೈತಿ ನೋಡ್ರಿ.”

ಅವನು ಆಕಾಶ ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ. “ನೀವು ಫೋಟೋಗ್ರಾಫರಾ?” ಎಂದು ಮರ್ಯಾದೆಯಿಂದ ಕೇಳಿ ಮುಚ್ಚಳ ಹಾಕಿದ. ಬೆಳಕಿನ ವಿಷಯದಲ್ಲಿ ನಾನು ಹೇಳಿದ್ದು ನಿಜವೇ. ನಿಜ ಹೇಳಿಯೇ ಒಬ್ಬನನ್ನು ತಡೆಯುವ ಅವಕಾಶ ಅಪರೂಪಕ್ಕೆ ಸಿಗುತ್ತದೆ.

ಅವತ್ತು ಮಧ್ಯಾಹ್ನ ಪಂಚಾಯಿತಿ ಕಟ್ಟೆಯ ಮೇಲೆ ಊರು ಸೇರಿತು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಅವನನ್ನು ಕರೆಸಿದವರು ಯಾರು. ನನಗೆ ಉತ್ತರ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದುಕೊಂಡಿದ್ದೆ. ಉಳ್ಳಾಗಡ್ಡಿ ವ್ಯಾಪಾರಿ ಫಕ್ಕೀರಗೌಡ ಶಾಲೆಯ ಕೋಣೆಗೆ ತಾನೇ ಒಂದು ಹಲಗೆ ಅಡ್ಡ ಬಡಿದು, ಚಿಲಕ ಹಾಕಿ, ಬೀಗ ಜಡಿದು, ಹೆಂಚು ಉಳಿದಿರುವ ಹಿಂದಿನ ಮೂಲೆಯಲ್ಲಿ ಉಳ್ಳಾಗಡ್ಡಿ ಚೀಲ ತುಂಬಿದ್ದ. ಶಾಲೆ ಪಾಳಾಗಿದ್ದಷ್ಟು ದಿನ ಅವನಿಗೆ ಬಿಟ್ಟಿ ಗೋದಾಮು.

“ಗೌಡ್ರ, ನಿಮಗ ಫೋನ್ ಮಾಡೂ ಹವ್ಯಾಸ ಭಾಳ ಐತಂತಲ್ಲ,” ಎಂದೆ.

ಅವನು ಉರಿದುಬಿದ್ದ. “ಏ ದಾನಕ್ಕ, ನಾಲಿಗಿ ಬಿಗಿ ಹಿಡಿ. ಊರಾಗ ಕ್ಯಾಮೆರಾದವರ ಪರಿಚಯ ಇರೂದು ಯಾರಿಗೆ? ನನಗೋ ನಿನಗೋ? ಅಂವಾ ಬಂದ ಕೂಡಲೇ ಹಿಂದ ಓಡಿದಾಕಿ ಯಾರು? ಇಬ್ಬರೂ ಕೂಡಿ ದಿಬ್ಬದ ಮ್ಯಾಲ ಏನ್ ಮಾತಾಡಿದ್ರಿ, ಹೇಳು ನೋಡೂಣು.”

ಜನ ನನ್ನ ಕಡೆ ತಿರುಗಿ ನೋಡಿದರು. ಅನುಮಾನ ಪಡುವುದು ನನ್ನ ಕೆಲಸ, ಪಡಿಸಿಕೊಂಡು ಅಭ್ಯಾಸವಿರಲಿಲ್ಲ. ಕಿವಿ ಬಿಸಿಯಾಯಿತು. ಗುರುಬಸವ್ವ ಮೌನೇಶಪ್ಪನನ್ನು ಹಿಡಿದಳು, ಪರವೂರಿನವರ ಜೊತೆ ಹಲ್ಲು ಕಿರಿಯುವವನು ನೀನೇ ಎಂದು. ಮೌನೇಶಪ್ಪ ಅವಳ ಬೀಗರನ್ನು ಹಿಡಿದ. ಕ್ಯಾಮೆರಾ ಒಡೆದು ಹಾಕೋಣ ಎಂದ ಒಬ್ಬ. ಹೊರಗಿನವನ ಮೇಲೆ ಕೈ ಮಾಡಿದ ಊರು ಅನ್ನಿಸಿಕೊಳ್ಳುವುದು ಬೇಡ, ಮೇಲಾಗಿ ಅವನು ಇನ್ನೊಂದು ತಂದರೆ ಏನು ಮಾಡುತ್ತೀರಿ ಎಂದು ನಾನೇ ಬೈದೆ. ಗದ್ದಲ ಹೀಗೇ ನಡೆದಿರುವಾಗ ಕಟ್ಟೆಯ ತುದಿಯಲ್ಲಿ ನಿಂತಿದ್ದ ವಿಮಲಾ ಅಕ್ಕೋರು ಮೊದಲ ಸಲ ಬಾಯಿ ಬಿಟ್ಟರು.

“ಅವರು ಫೋಟೊ ತೆಗೆಯೋ ಹೊತ್ತಿಗೆ ಅದು ಪಾಳಾಗಿಯೇ ಇರದಿದ್ದರೆ?”

ಎಲ್ಲರೂ ಲೆಕ್ಕ ಹಾಕಿದರು. ಕ್ಯಾಮೆರಾಕ್ಕೆ ಕಾಣುವುದು ಮುಂದಿನ ಮುಖ, ಮುಂದಿನ ಮಾಡು, ತೆರೆದ ಬಾಗಿಲಿನೊಳಗೆ ಕಂಡಷ್ಟು ಒಳಗೋಡೆ. ಅಷ್ಟನ್ನು ಎರಡು ದಿನದಲ್ಲಿ ನಿಲ್ಲಿಸಬಹುದು. ಇಷ್ಟು ವರ್ಷ ಆಗದ್ದು ಎರಡು ದಿನದಲ್ಲಿ ಆಗಬಹುದು ಎಂದು ತಿಳಿದು ನಮಗೇ ನಾಚಿಕೆಯಾಯಿತು. ಆದರೆ ನಾನು ಇನ್ನೊಂದು ಸಂಗತಿಯನ್ನೂ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ. ಅವನನ್ನು ಕರೆಸಿದವರು ಯಾರು ಎಂದು ಊರೆಲ್ಲ ಕೇಳಿತು, ಅಕ್ಕೋರು ಮಾತ್ರ ಕೇಳಲಿಲ್ಲ.

ಮುಕುಂದನನ್ನು ದಿಬ್ಬದಿಂದ ದೂರ ಇಡುವ ಕೆಲಸ ಹೆಣ್ಣುಮಕ್ಕಳದ್ದಾಯಿತು. ಒಬ್ಬರ ಮನೆಯ ರೊಟ್ಟಿ ಮುಗಿಯುವುದರೊಳಗೆ ಇನ್ನೊಬ್ಬರ ಮನೆಯ ಹೋಳಿಗೆ. ಎರಡನೆಯ ದಿನ ಅವನು ಹೊಟ್ಟೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, “ಮೇಡಂ, ನಿಜ ಹೇಳಿ, ಈ ಊರಲ್ಲಿ ಎಲ್ಲ ನೆಂಟರಿಗೂ ಹೀಗೇನಾ? ನನಗೆ ಯಾಕೋ ಭಯ ಆಗ್ತಿದೆ,” ಎಂದ. ಅವನಿಗೂ ನಮ್ಮ ಮೇಲೆ ಅನುಮಾನ ಹುಟ್ಟಿತ್ತು. ಒಳ್ಳೆಯದೇ ಆಯಿತು ಎಂದುಕೊಂಡು ಇನ್ನೊಂದು ಲೋಟ ಮಜ್ಜಿಗೆ ಕೊಟ್ಟೆ.

ದಿಬ್ಬದ ಮೇಲೆ ಜಾತ್ರೆಯಷ್ಟು ಜನ. ಯಾರದೋ ಹಿತ್ತಲಿನ ಹೆಂಚು, ಯಾರದೋ ಕೊಟ್ಟಿಗೆಯ ತೊಲೆ, ಮೌನೇಶಪ್ಪನ ಹೋಟೆಲಿನ ಹಿಂಬಾಗಿಲು ಕೀಲು ಸಮೇತ ಬಂತು. ಗುರುಬಸವ್ವ ಸುಣ್ಣ ಕಲಸಿದಳು. ಫಕ್ಕೀರಗೌಡನೂ ಒಂದು ತೊಲೆ ಹೊರಿಸಿಕೊಂಡು ಬಂದ, ಬರದಿದ್ದರೆ ಅವನೇ ಕರೆಸಿದ್ದು ಎಂದಾಗುತ್ತದಲ್ಲ. ಎಲ್ಲರೂ ದುಡಿದದ್ದು ಶಾಲೆಯ ಮೇಲಿನ ಪ್ರೀತಿಗೋ ಪಕ್ಕದವನ ಕಣ್ಣಿಗೆ ಹೆದರಿಯೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಏನೇ ಇರಲಿ, ಗೋಡೆ ಎದ್ದು ನಿಂತಿತು.

ನಾನು ಕೆಲಸ ಮಾಡಲಿಲ್ಲ, ಕಾವಲು ಕಾದೆ. ಯಾಕೆಂದರೆ ನಮ್ಮ ಜನ ನನಗೆ ಗೊತ್ತು. ಒಂದು ಫೋಟೊ ತೆಗೆಯುತ್ತಾರೆ ಅಂದರೆ ಸಾಕು, ತಮ್ಮ ಮನೆಯ ಒಂದಲ್ಲ ಒಂದು ಸಾಮಾನನ್ನು ಅದರೊಳಗೆ ತೂರಿಸಲು ನೋಡುತ್ತಾರೆ, ಶಾಶ್ವತವಾಗಿ ಹೊಸದಾಗಿ ಉಳಿಯಲಿ ಎಂದು. ಗೋಡೆಯ ಬುಡದಲ್ಲಿ ಒಂದು ಹೊಸ ತಾಮ್ರದ ಕೊಡ ತಾನಾಗಿಯೇ ಬಂದು ಕೂತಿತ್ತು. ಹುಣಸೆ ಮರಕ್ಕೆ ಯಾರೋ ಮಿರಮಿರ ಮಿಂಚುವ ಸೈಕಲ್ಲು ಒರಗಿಸಿದ್ದರು. ಕಿಟಕಿಯ ಸರಳಿಗೆ ಗುರುಬಸವ್ವ ಒಣಗಿದ ಇನ್ನೊಂದು ಸೀರೆ ಇಳಿಬಿಟ್ಟಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಆದರೂ ತೆಗೆಸಿದೆ. ಎಲ್ಲರ ಚಪ್ಪಲಿಗಳನ್ನೂ ಹುಣಸೆ ಮರದ ಹಿಂದೆ ಬಿಡಿಸಿದೆ. ಫಕ್ಕೀರಗೌಡನ ಉಳ್ಳಾಗಡ್ಡಿ ಚೀಲಗಳನ್ನು ಹೊರಗೆ ಹಾಕಿಸುವಾಗ ಅವನು, “ಒಂದ್ ಚೀಲ ಇರಲಿ ಬಿಡು ದಾನಕ್ಕ, ಮೂಲ್ಯಾಗ ಯಾರಿಗೆ ಕಾಣತೈತಿ,” ಎಂದ. ಒಂದು ಚೀಲ ಕಾಗದಕ್ಕಿಳಿದರೆ ಆ ಕೋಣೆ ಎಂದೆಂದಿಗೂ ಗೋದಾಮೇ. ಅದನ್ನೂ ಎತ್ತಿಸಿದೆ.

ಮೂರನೆಯ ದಿನ ಸಂಜೆ ಮೋಡ ಸರಿಯಿತು. ಕೊನೆಗೆ ಉಳಿದದ್ದು ಕರಿಹಲಗೆ. ಬಾಗಿಲಿನಿಂದ ನೇರವಾಗಿ ಕಾಣುವುದು ಅದೇ. ಅದರ ಮೇಲೆ ಏನು ಬರೆಯಬೇಕು ಎಂದು ದೊಡ್ಡ ಜಗಳ ಹತ್ತಿತು. ಬರೆದದ್ದು ಎಂದಿಗೂ ಅಳಿಯುವುದಿಲ್ಲ, ಎಲ್ಲರಿಗೂ ಗೊತ್ತು. ಅಕ್ಷರಮಾಲೆ ಇರಲಿ ಎಂದರು ಕೆಲವರು. ದೇವರ ಹೆಸರು ಎಂದರು ಕೆಲವರು, ಯಾವ ದೇವರದು ಎಂದರು ಇನ್ನು ಕೆಲವರು. ತೊಲೆ ಕೊಟ್ಟವರ ಹೆಸರು ಎಂದು ಫಕ್ಕೀರಗೌಡ ಸೀಮೆಸುಣ್ಣದ ತುಂಡು ಕೈಗೆ ತೆಗೆದುಕೊಂಡು ಆಗಲೇ ‘ಫ’ ಬರೆದುಬಿಟ್ಟಿದ್ದ.

ವಿಮಲಾ ಅಕ್ಕೋರು ಒದ್ದೆ ಬಟ್ಟೆ ಹಿಡಿದು ಒಳಗೆ ಹೋದರು. ಅವನ ‘ಫ’ವನ್ನೂ ಅದರ ಹಿಂದಿನ ಗೆರೆಗಳನ್ನೂ ಮೂಲೆಮೂಲೆಯವರೆಗೆ ಒರೆಸಿ, ಹಲಗೆಯನ್ನು ಕಪ್ಪಗೆ ಮಾಡಿ ತಿರುಗಿ ನಿಂತರು.

“ಹೀಗೇ ಇರಲಿ. ನಾನು ದಿನಾ ಬರೀತೀನಿ. ಬೆಳಗ್ಗೆ ಬಂದರೆ ತಾನಾಗಿಯೇ ಅಳಿಸಿರಬೇಕು. ಹಲಗೆಗೆ ಬೇಕಾದ್ದು ಅಷ್ಟೇ ಅಲ್ವಾ?”

ಫಕ್ಕೀರಗೌಡ ಸೀಮೆಸುಣ್ಣದ ತುಂಡನ್ನು ಜೇಬಿಗೆ ಹಾಕಿಕೊಂಡ. “ಬಾಗಿಲೂ ತೆರೆದೇ ಇರಲಿ,” ಎಂದು ಅಕ್ಕೋರು ಹೇಳಿದಾಗ ಮಾತ್ರ ಅವನ ಮುಖ ಹುಳ್ಳಗಾಯಿತು.

ಆಗ ಮುಕುಂದ ಮೇಲೆ ಬಂದ. ಬಂದವನು ಶಾಲೆಯನ್ನು ನೋಡಿ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟ. ಸಂಜೆಯ ಬಿಸಿಲು ಹೊಸ ಸುಣ್ಣದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. “ನನ್ನ ಶಾಲೆ ಎಲ್ಲಿ?” ಎಂದು ಕೇಳಿದ. ಅವನ ದನಿ ಕೇಳಿ ನನಗೆ ಪಾಪ ಅನ್ನಿಸಿತು. “ಇದು ಮಾಮೂಲಿ ಶಾಲೆ ಮೇಡಂ. ಇಂಥವು ಎಲ್ಲ ಕಡೆ ಇವೆ. ಇದನ್ನ ಯಾರು ನೋಡ್ತಾರೆ?” ಎಂದು ಚೀಲದ ಜಿಪ್ ಎಳೆದ. ಅವನು ಫೋಟೊ ತೆಗೆಯಲೇ ಇಲ್ಲ.

ತೆಗೆಯದಿದ್ದರೆ ಬಿಡಲಿ. ಇಷ್ಟು ದೂರ ಬಂದ ಮೇಲೆ ನಾನು ಬಿಡುವವಳಲ್ಲ. ಮೊದಲ ದಿನ ಅವನು ಕದ್ದು ತೆಗೆದಿದ್ದರೆ? ಒಂದೇ ಸಾಮಾನಿಗೆ ಎರಡು ಫೋಟೊ ಆದಾಗ ಮೊದಲು ಕಾಗದಕ್ಕಿಳಿದದ್ದೇ ಗಟ್ಟಿ. ಅವನು ಊರು ಮುಟ್ಟುವ ಮೊದಲು ನನ್ನದು ಇಳಿಯಬೇಕು. ಗಂಡನ ಕಾಲದ ಸ್ಟ್ಯಾಂಡು ನಿಲ್ಲಿಸಿ, ನನ್ನ ಕ್ಯಾಮೆರಾ ಏರಿಸಿದೆ. ಊರಿನವರನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿದೆ. ಎಲ್ಲರೂ ಉಸಿರು ಹಿಡಿದರು. “ಅಕ್ಕೋರ, ನೀವೂ ಸರೀರಿ,” ಎಂದೆ. ಅವರು ಬಾಗಿಲ ಮರೆಗೆ ಸರಿದರು. ಬಿಸಿಲು ಹೋಗುತ್ತಿತ್ತು. ಬಟನ್ ಒತ್ತಿದೆ.

ಸೀದಾ ಅಂಗಡಿಗೆ ಬಂದು ಯಂತ್ರ ಚಾಲೂ ಮಾಡಿದೆ. ಸಂಜೆಯ ಬಸ್ಸಿಗೆ ಕಾಯುತ್ತ ಮುಕುಂದನೂ ಬಂದು ಬೆಂಚಿನ ಮೇಲೆ ಕುಳಿತ. ಕಾಗದ ಹೊರಗೆ ಬರುತ್ತಿರುವಾಗ ಅವನು, “ಟೀಚರ್‌ಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿಬಿಡಿ ಮೇಡಂ. ಅವರು ಫೋನ್ ಮಾಡಿ ಬೇಗ ಬನ್ನಿ, ಬೇಗ ಬನ್ನಿ ಅಂದಿದ್ರು. ನಾನೇ ತಡ ಮಾಡಿದೆ,” ಎಂದ.

“ಯಾವ ಟೀಚರ್?”

ಹೇಳಬಾರದ್ದು ಹೇಳಿಬಿಟ್ಟೆ ಎಂದು ಅವನಿಗೆ ಆಗ ಹೊಳೆಯಿತು. ಬಸ್ಸು ಬಂತು. ಅವನು ಚೀಲ ಎದೆಗೆ ಅವಚಿಕೊಂಡು ಹತ್ತಿದ.

ಕೈಯಲ್ಲಿದ್ದ ಫೋಟೊವನ್ನು ನಾನು ನೋಡಲೇ ಇಲ್ಲ, ಡ್ರಾಯರಿನೊಳಗೆ ಬೋರಲು ಹಾಕಿದೆ. ಎದೆ ಸುಡುತ್ತಿತ್ತು. ಅಕ್ಕೋರಿಗೆ ನಮ್ಮೂರಿನ ಕಟ್ಟು ಗೊತ್ತಿಲ್ಲದೆ ಇಲ್ಲ. ಗುರುಬಸವ್ವನ ಮನೆಯಲ್ಲೇ ಬಾಡಿಗೆಗಿದ್ದಾರೆ, ಆ ಸೀರೆಯ ಕೆಳಗೆ ತಲೆ ಬಗ್ಗಿಸಿಕೊಂಡೇ ದಿನಾ ಓಡಾಡುತ್ತಾರೆ. ಎಲ್ಲ ಗೊತ್ತಿದ್ದೂ ಫೋಟೊದವನನ್ನು ಕರೆಸಿದರೆ ಏನರ್ಥ? ಪಾಳು ಪಾಳಾಗಿಯೇ ನಿಂತರೆ ಶಾಲೆ ಮುಚ್ಚುತ್ತದೆ. ಶಾಲೆ ಮುಚ್ಚಿದರೆ ವರ್ಗ. ಮಿಕ್ಕ ಮಾಸ್ತರುಗಳು ಕಚೇರಿ ಸುತ್ತಿ ಮಾಡಿಸಿಕೊಂಡದ್ದನ್ನು ಈಕೆ ಒಂದು ಫೋನಿನಲ್ಲಿ ಮಾಡಿಸಿಕೊಳ್ಳಲು ಹೊರಟಿದ್ದಳು. ಊರು ಎದ್ದು ನಿಂತದ್ದು ಕಂಡು ಮಾತು ತಿರುಗಿಸಿದಳು, ಅಷ್ಟೇ. ಪಾರಿ ಊಟಕ್ಕೆ ಕೂತಾಗ, “ಅಕ್ಕೋರು ನಾಳಿಂದ ಮ್ಯಾಲಿನ ಸಾಲ್ಯಾಗ ಕಲಸ್ತಾರಂತ ಅಜ್ಜೀ,” ಎಂದು ಕುಣಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಬೆಳಗ್ಗೆ ಫೋಟೊವನ್ನು ಸೆರಗಿನೊಳಗೆ ಇಟ್ಟುಕೊಂಡು ದಿಬ್ಬ ಹತ್ತಿದೆ. ನನಗಿಂತ ಮೊದಲು ಫಕ್ಕೀರಗೌಡ ಅಲ್ಲಿದ್ದ, ಕೈಯಲ್ಲಿ ಬೀಗ ಹಿಡಿದುಕೊಂಡು. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಎಳೆದು ಬೀಗ ಹಾಕಿದ್ದನಂತೆ. ಈಗ ಬಾಗಿಲು ಹಾರು ಹೊಡೆದು ತೆರೆದಿತ್ತು. “ಹೊಸಾ ಬೀಗ ದಾನಕ್ಕ,” ಎಂದು ನನಗೇ ದೂರು ಹೇಳಿ ಇಳಿದು ಹೋದ. ಹೆಂಚು ಒಂದೂ ಕದಲಿರಲಿಲ್ಲ. ಒಳಗೆ ಹಲಗೆ ಕಪ್ಪಗಿತ್ತು. ನನ್ನ ಫೋಟೊವೇ ಗಟ್ಟಿಯಾಗಿ ನಿಂತಿತ್ತು. ಶಾಲೆ ಉಳಿಯಿತು. ಅಕ್ಕೋರು ಉಳಿಯದಿದ್ದರೆ ಉಳಿದ ಶಾಲೆ ಇಟ್ಟುಕೊಂಡು ಏನು ಮಾಡುವುದು?

ದಿಬ್ಬದ ಕೆಳಗಿನಿಂದ ಅವರು ಬರುತ್ತಿದ್ದರು. ನಡಿಗೆ ವಿಚಿತ್ರವಾಗಿತ್ತು, ಮುಳ್ಳು ಕಲ್ಲು ತಪ್ಪಿಸಿಕೊಂಡು ಒಂದೊಂದೇ ಹೆಜ್ಜೆ. ಹತ್ತಿರ ಬಂದಾಗ ನೋಡಿದೆ, ಬರಿಗಾಲು.

ನಾನು ಕಾಲಿನ ವಿಚಾರ ಎತ್ತಲಿಲ್ಲ. “ಅಂವನ್ನ ಕರಿಸಿದಾಕಿ ನೀವ,” ಎಂದೆ.

“ಹೌದಕ್ಕ,” ಎಂದರು, ಹಿಂದೆ ಮುಂದೆ ನೋಡದೆ. “ನಾನು ಒಬ್ಬೊಬ್ಬರ ಮನೆಗೂ ಬಂದು ಕೇಳಿದೆ. ನಿಮ್ಮ ಮನೆಗೂ ಬಂದಿದ್ದೆ. ಕೈ ಮುಗಿದು ಕೇಳಿದಾಗ ಯಾರೂ ಏಳಲಿಲ್ಲ. ಹೆದರಿಸಿದರೆ ಏಳ್ತೀರಿ ಅನ್ನಿಸ್ತು.”

“ಯಾರ್ ನಂಬತಾರ? ಅಂವಾ ಮೊದಲನೇ ದಿನಾನ ತಗದಿದ್ರ? ಸಾಲಿ ಮುಚ್ಚತಿತ್ತು, ನಿಮಗ ವರ್ಗ ಆಗತಿತ್ತು. ನಿಮಗ ಬೇಕಾಗಿದ್ದದ್ದೂ ಅದ.”

ಅವರ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. “ಅವರು ಬಸ್ಸಿಳಿದರೆ ಮೊದಲು ಕಾಣೋದೇ ನಿಮ್ಮ ಅಂಗಡಿ. ನೀವು ಬಿಟ್ಟರೆ ತಾನೆ ಅವರು ತೆಗೆಯೋದು? ನಿಮ್ಮ ಅನುಮಾನವನ್ನ ನಂಬಿಯೇ ಫೋನ್ ಮಾಡಿದ್ದು,” ಎಂದು ಹೇಳಿ ನನ್ನನ್ನು ದಾಟಿ ಶಾಲೆಯ ಮುಂದಕ್ಕೆ ಹೋದರು. “ಫೋಟೊ ತಂದಿದ್ದೀರಾ? ಸರಿಯಾಗಿ ನೋಡಿದ್ರಾ?”

ಸೆರಗಿನಿಂದ ತೆಗೆದು ನೋಡಿದೆ. ಸುಣ್ಣ, ಹೆಂಚು, ತೆರೆದ ಬಾಗಿಲು, ಕಪ್ಪು ಹಲಗೆ. ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ.

ತಲೆಯೆತ್ತಿದೆ. ಮೆಟ್ಟಿಲ ಮೇಲೆ ಅದೇ ಚಪ್ಪಲಿ ಕೂತಿತ್ತು, ಅಕ್ಕೋರ ಕಂದು ಬಣ್ಣದ, ಹೆಬ್ಬೆರಳಿನ ಹತ್ತಿರ ಹೊಲಿಗೆ ಹಾಕಿದ ಚಪ್ಪಲಿ. ತಾಮ್ರದ ಕೊಡ ಹಿಡಿದ ನನ್ನ ಕಣ್ಣಿಗೆ, ಸೈಕಲ್ಲು ಹಿಡಿದ ಕಣ್ಣಿಗೆ, ಮೆಟ್ಟಿಲ ಮೇಲಿನ ಚಪ್ಪಲಿ ಕಾಣಲೇ ಇಲ್ಲ. ಶಾಲೆಯ ಮೆಟ್ಟಿಲ ಮೇಲೆ ಅಕ್ಕೋರ ಚಪ್ಪಲಿ ಇರುವುದು ಎಷ್ಟು ಸಹಜವೆಂದರೆ, ಕಂಡರೂ ಕಾಣುವುದಿಲ್ಲ.

“ಎಲ್ಲಾರವೂ ಮರದ ಹಿಂದ ಬಿಡಸಿದ್ದೆನಲ್ಲ,” ಎಂದೆ.

“ಹಲಗೆ ಒರೆಸೋಕೆ ಹೋಗುವಾಗ ಮತ್ತೆ ಹಾಕ್ಕೊಂಡು ಬಂದು ಇಲ್ಲಿ ಬಿಟ್ಟೆ. ನಿನ್ನೆ ಸಂಜೆ ಮನೆಗೂ ಹಾಕ್ಕೊಂಡೇ ಹೋಗಿದ್ದೆ. ಬೆಳಗ್ಗೆ ಬಾಗಿಲ ಹತ್ತಿರ ನೋಡ್ತೀನಿ, ಇಲ್ಲ.” ಅವರು ಮೆಟ್ಟಿಲ ಮೇಲೆ ಕೂತು ಅಂಗಾಲಿನಿಂದ ಒಂದು ಮುಳ್ಳು ಕಿತ್ತರು. “ಇನ್ನು ಎಲ್ಲಿ ಮಲಗಿದರೂ ಚಪ್ಪಲಿಗೆ ಅಂತ ಇಲ್ಲಿಗೇ ಬರಬೇಕಲ್ಲಕ್ಕ.”

ನನಗೆ ಅಳು ಬಂತು. ಅತ್ತೆ ಕೂಡ, ಸೆರಗಿನಿಂದ ಮೂಗು ಒರೆಸಿಕೊಂಡೆ. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? “ಮತ್ತ ನಾಳೆ ನೀವು ಹೊಸಾ ಚಪ್ಪಲಿ ಕೊಂಡಬಿಟ್ರ?” ಎಂದು ಕೇಳಿದೆ.

ಅಕ್ಕೋರು ನನ್ನನ್ನೇ ನೋಡಿ ಜೋರಾಗಿ ನಕ್ಕರು. “ನೀವಿದ್ದೀರಲ್ಲ, ಕಾಯೋಕೆ,” ಎಂದು ಒಳಗೆ ಹೋಗಿ ಗಂಟೆ ಬಾರಿಸಿದರು. ಕೆಳಗಿನಿಂದ ಮಕ್ಕಳು ಓಡಿ ಬರುತ್ತಿದ್ದರು, ಎಲ್ಲರಿಗಿಂತ ಮುಂದೆ ಪಾರಿ.

ಶಾಲೆಯ ಹಿಂದಿನ ಗೋಡೆ ಇನ್ನೂ ಬಿರುಕು ಬಿಟ್ಟೇ ಇದೆ, ಸುಗ್ಗಿ ಮುಗಿಯಲಿ ಎಂದಿದ್ದಾರೆ. ಅಕ್ಕೋರು ಹೊಸ ಚಪ್ಪಲಿ ಕೊಂಡಿಲ್ಲ. ಹಾಗಂತ ನಾನು ನಂಬಿ ಕೂತಿಲ್ಲ. ದಿನಾ ಬೆಳಗ್ಗೆ ಅಂಗಡಿಯ ಮುಂದೆ ನಿಂತು ದಿಬ್ಬದ ಕಡೆ ನೋಡುತ್ತೇನೆ. ಅವರು ಬರಿಗಾಲಲ್ಲಿ ಮೇಲೆ ಹತ್ತುವುದು ಕಂಡ ಮೇಲೆಯೇ ನಾನು ಬಾಗಿಲು ತೆಗೆಯುವುದು.